ಇಟಲಿಯಲ್ಲಿ ಬಾಡಿಗೆ ಕಾರು: ನಾವು ದರ ನೋಡಿದೆವು, ಕರಾರು ಓದಲಿಲ್ಲ

ಕಳೆದ ವರ್ಷ ಮಕ್ಕಳ ಬೇಸಿಗೆ ರಜೆಯಲ್ಲಿ ನಾವು ಆರು ಮಂದಿ ಮೈಸೂರಿನಿಂದ ಇಟಲಿಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಹತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಪ್ಪ ಮತ್ತು ಅಮ್ಮ. ರೋಮ್ ವಿಮಾನ ನಿಲ್ದಾಣದಲ್ಲಿ ಏಳು ಸೀಟಿನ ಕಾರೊಂದನ್ನು ಬಾಡಿಗೆಗೆ ಪಡೆದು, ಒರ್ವಿಯೆಟೊ, ಸಿಯೆನಾ, ಸಾನ್ ಜಿಮಿನ್ಯಾನೊ, ಫ್ಲಾರೆನ್ಸ್, ಪೀಸಾ ನೋಡಿಕೊಂಡು ಒಂಬತ್ತನೆಯ ದಿನ ರೋಮ್‌ನಲ್ಲೇ ಹಿಂದಿರುಗಿಸುವುದು ನಮ್ಮ ಲೆಕ್ಕಾಚಾರವಾಗಿತ್ತು. ಊರಿನಲ್ಲಿದ್ದಾಗಲೇ ಆನ್‌ಲೈನ್‌ನಲ್ಲಿ ಕಟ್ಟಿದ್ದ ಬಾಡಿಗೆ 430 ಯೂರೋ. ಡೀಸೆಲ್ ಮತ್ತು ಟೋಲ್ ಬಿಟ್ಟು ಆ ಕಾರಿನ ಲೆಕ್ಕಕ್ಕೆ ಕೊನೆಗೆ ನಮ್ಮ ಕೈಯಿಂದ ಹೋದದ್ದು 1,500 ಯೂರೋಗಿಂತ ಹೆಚ್ಚು. ನಡುವಿನ ಹಣ ಎಲ್ಲೆಲ್ಲಿ ಸೋರಿಹೋಯಿತೆಂಬುದನ್ನು, ಇಂಥದೇ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಕುಟುಂಬಗಳಿಗೆ ತಿಳಿದಿರಲೆಂದು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ನಾನು ಆಮೇಲೆ ಓದಿನೋಡಿದ ಬೇರೆ ಸಂಸ್ಥೆಗಳ ಕರಾರುಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದವು, ಮತ್ತು ನಮ್ಮನ್ನು ಕಂಗೆಡಿಸಿದ ಪ್ರತಿಯೊಂದು ಷರತ್ತೂ ನಮ್ಮ ವೋಚರ್‌ನಲ್ಲಿ ಮುದ್ರಿತವಾಗಿಯೇ ಇತ್ತು.

ಮೊದಲ ಪೆಟ್ಟು ಬಿದ್ದದ್ದು ಕೌಂಟರಿನಲ್ಲಿ. ಕಾರನ್ನು ಕಾಯ್ದಿರಿಸಿ ಹಣ ಕಟ್ಟಿದ್ದು ನನ್ನ ಹೆಂಡತಿಯ ಕ್ರೆಡಿಟ್ ಕಾರ್ಡಿನಿಂದ, ಚಾಲಕನೆಂದು ನಮೂದಾಗಿದ್ದದ್ದು ನನ್ನ ಹೆಸರು. ಗಂಡ ಹೆಂಡಿರ ಕಾರ್ಡು, ಇದರಲ್ಲಿ ತಕರಾರೇನಿದ್ದೀತೆಂದು ನಾವು ಅಂದುಕೊಂಡಿದ್ದೆವು. ಆದರೆ ಡಿಪಾಸಿಟ್ ಹಿಡಿದಿಡುವ ಕ್ರೆಡಿಟ್ ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು, ಅದರ ಮೇಲೆ ಅವನ ಹೆಸರು ಅಚ್ಚಾಗಿರಬೇಕು ಎಂಬುದು ಷರತ್ತು. ಪ್ರವಾಸದ ಹಣವನ್ನೆಲ್ಲ ನಾನು ಫಾರೆಕ್ಸ್ ಕಾರ್ಡಿಗೆ ತುಂಬಿಸಿಕೊಂಡು ಬಂದಿದ್ದೆ. ಫಾರೆಕ್ಸ್ ಕಾರ್ಡು ಮುಂಗಡ ಹಣ ತುಂಬಿದ ಕಾರ್ಡಾದ್ದರಿಂದ ಅದು ಡಿಪಾಸಿಟ್ಟಿಗೆ ನಡೆಯುವುದಿಲ್ಲವೆಂದರು. ಹೆಂಡತಿಯನ್ನೇ ಮುಖ್ಯ ಚಾಲಕಿಯನ್ನಾಗಿ ಮಾಡೋಣವೆಂದರೆ ಅವಳ ಬಳಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲಿಲ್ಲ. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ ಆರ್‌ಟಿಒದಿಂದ ಪಡೆಯುವ ಈ ಪರವಾನಗಿಗೆ ಶುಲ್ಕ 1,000 ರೂಪಾಯಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಓಡಿಸುವವನು ನಾನೊಬ್ಬನೇ ಅಲ್ಲವೇ ಎಂದು ನನ್ನ ಹೆಸರಿಗೆ ಮಾತ್ರ ಮಾಡಿಸಿದ್ದೆ. ಸಾವಿರ ರೂಪಾಯಿ ಉಳಿಸಿದ ಜಾಣತನ ಅದು.

ಉಳಿದದ್ದು ನನ್ನ ಹಳೆಯ ಕ್ರೆಡಿಟ್ ಕಾರ್ಡು. ಅದರಲ್ಲಿ ವಿದೇಶಿ ವಹಿವಾಟು ಬಂದ್ ಆಗಿತ್ತು. ರಿಸರ್ವ್ ಬ್ಯಾಂಕು 2020ರಲ್ಲಿ ತಂದ ನಿಯಮದ ಪ್ರಕಾರ ಗ್ರಾಹಕ ತಾನಾಗಿ ಚಾಲೂ ಮಾಡಿಕೊಳ್ಳದ ಹೊರತು ನಮ್ಮ ಕಾರ್ಡುಗಳು ಹೊರದೇಶದಲ್ಲಿ ಕೆಲಸ ಮಾಡುವುದಿಲ್ಲವೆಂಬುದು ನನಗೆ ಗೊತ್ತಿತ್ತು, ಆದರೆ ಈ ಕಾರ್ಡು ಬೇಕಾದೀತೆಂದು ಅನ್ನಿಸಿರಲೇ ಇಲ್ಲ. ನಿಲ್ದಾಣದ ವೈಫೈ ಹಿಡಿದು, ಆ್ಯಪಿನಲ್ಲಿ ಅದನ್ನು ಚಾಲೂ ಮಾಡಿ ಕೊಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಆ ಮೇಲೂ ಯಂತ್ರ ಅದನ್ನು ತಿರಸ್ಕರಿಸಿತು. ಅವರು ತಡೆಹಿಡಿಯಬೇಕಿದ್ದದ್ದು 1,800 ಯೂರೋ, ನನ್ನ ಕಾರ್ಡಿನ ಮಿತಿ ಒಂದೂವರೆ ಲಕ್ಷ ರೂಪಾಯಿ.

ಆ 1,800 ಯೂರೋ ಏತಕ್ಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಡಿಗೆ ಕಾರಿನ ವ್ಯವಹಾರದ ಗುಟ್ಟೆಲ್ಲ ಇಲ್ಲಿದೆ. ಯುರೋಪಿನಲ್ಲಿ ಜಾಲತಾಣದ ದರದಲ್ಲಿ ಸಾಮಾನ್ಯವಾಗಿ ಕಾರಿನ ಹಾನಿಗೂ ಕಳವಿಗೂ ಮೂಲ ವಿಮೆ ಸೇರಿರುತ್ತದೆ. ಆದರೆ ಹಾನಿಯ ಮೊದಲ ಒಂದಿಷ್ಟು ಮೊತ್ತವನ್ನು ನಾವೇ ಭರಿಸಬೇಕು. ಇದಕ್ಕೆ ಅವರು ಎಕ್ಸೆಸ್ ಎನ್ನುತ್ತಾರೆ. ಕಾರು ದೊಡ್ಡದಾದಷ್ಟೂ ಸಾಮಾನ್ಯವಾಗಿ ಎಕ್ಸೆಸ್ ಕೂಡ ದೊಡ್ಡದು, ಕಾರು ವಾಪಸಾಗುವ ತನಕ ಆ ಮೊತ್ತವನ್ನು ನಮ್ಮ ಕಾರ್ಡಿನಲ್ಲಿ ತಡೆಹಿಡಿದಿರುತ್ತಾರೆ. ನಾವು ಕಾರನ್ನು ಕಾಯ್ದಿರಿಸಿದ ಮಧ್ಯವರ್ತಿ ಜಾಲತಾಣ 70 ಯೂರೋಗೆ ಪೂರ್ಣ ರಕ್ಷಣೆ ಎಂಬ ಹೆಸರಿನ ವಿಮೆಯೊಂದನ್ನು ಮಾರಿತ್ತು. ಅದನ್ನು ತೋರಿಸಿದಾಗ ಕೌಂಟರಿನವರು ಸಮಾಧಾನದಿಂದಲೇ ಹೇಳಿದರು: ಅದು ನಿಮಗೂ ಆ ಜಾಲತಾಣಕ್ಕೂ ಸಂಬಂಧಪಟ್ಟದ್ದು, ಹಾನಿಯಾದರೆ ನೀವು ಮೊದಲು ನಮಗೆ ಕಟ್ಟಿ ಆಮೇಲೆ ಅವರಿಂದ ವಸೂಲು ಮಾಡಿಕೊಳ್ಳಬೇಕು, ನಮ್ಮ ಡಿಪಾಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮಾತು ನಿಜವೇ ಆಗಿತ್ತು. ಅವರದೇ ವಿಮೆಯನ್ನು ದಿನಕ್ಕೆ 32 ಯೂರೋ ಕೊಟ್ಟು ಕೊಂಡರೆ ಡಿಪಾಸಿಟ್ 300 ಯೂರೋಗೆ ಇಳಿಯುವುದೆಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಚಿಕ್ಕವನು ಸೂಟ್‌ಕೇಸಿನ ಮೇಲೆ ಮಲಗಿಬಿಟ್ಟಿದ್ದ. ಒಂಬತ್ತು ದಿನಕ್ಕೆ 288 ಯೂರೋ ಒಪ್ಪಿಕೊಂಡು ಸಹಿ ಹಾಕಿದೆ. ಯಂತ್ರ ರೂಪಾಯಿಯಲ್ಲಿ ಕಟ್ಟುವಿರೋ ಯೂರೋದಲ್ಲೋ ಎಂದು ಕೇಳುತ್ತದೆ, ಆಗ ಯೂರೋ ಎಂದೇ ಒತ್ತಿರಿ. ರೂಪಾಯಿ ಎಂದರೆ ವಿನಿಮಯ ದರವನ್ನು ನಮ್ಮ ಬ್ಯಾಂಕಿನ ಬದಲು ಆ ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದು ಹೆಚ್ಚಾಗಿ ನಮಗೆ ನಷ್ಟದ್ದೇ.

ಎರಡನೆಯ ತಪ್ಪು ಕಾರಿನ ಆಯ್ಕೆಯದ್ದು. ಜಾಲತಾಣದಲ್ಲಿ ಕಂಡ ಚಿತ್ರ ಉದ್ದನೆಯ ವ್ಯಾನಿನದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಥವಾ ಇದೇ ಬಗೆಯ ಕಾರು’ ಎಂದಿತ್ತು. ನಾವು ಕಾಯ್ದಿರಿಸುವುದು ಒಂದು ವರ್ಗವನ್ನೇ ಹೊರತು ನಿರ್ದಿಷ್ಟ ಕಾರನ್ನಲ್ಲ. ಆ ವರ್ಗವನ್ನು ವೋಚರ್‌ನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕೇತವೊಂದು ಸೂಚಿಸುತ್ತದೆ. ಮೊದಲ ಅಕ್ಷರ ಗಾತ್ರ, ಎರಡನೆಯದು ಕಾರಿನ ಬಗೆ, ಮೂರನೆಯದು ಗೇರು, ನಾಲ್ಕನೆಯದು ಇಂಧನ ಮತ್ತು ಏಸಿ. ನಮ್ಮದು ಐ, ವಿ, ಎಂ, ಆರ್. ಮೂರನೆಯ ಜಾಗದಲ್ಲಿ ಎಂ ಇದ್ದರೆ ಕೈಗೇರು, ಎ ಇದ್ದರೆ ಆಟೊಮ್ಯಾಟಿಕ್. ಇಟಲಿಯಲ್ಲಿ ಅಗ್ಗದ ದರದಲ್ಲಿ ಸಿಗುವುದು ಬಹುಮಟ್ಟಿಗೆ ಕೈಗೇರಿನ ಕಾರುಗಳೇ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಕೈಗೇರಿನ ಕಾರು ಓಡಿಸಿದ ನನಗೆ ಇದು ದೊಡ್ಡದೆನಿಸಿರಲಿಲ್ಲ. ಆದರೆ ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಸಂಚಾರ ಬಲಕ್ಕೆ, ಗೇರು ಬಲಗೈಗೆ. ಮೊದಲೆರಡು ದಿನ ಗೇರು ಬದಲಿಸಲು ಹೋಗಿ ಎಷ್ಟು ಸಲ ಎಡಗೈಯಿಂದ ಬಾಗಿಲಿಗೆ ಗುದ್ದಿದೆನೋ ಲೆಕ್ಕವಿಲ್ಲ. ಸಿಯೆನಾದ ಏರುದಾರಿಯ ತಿರುವಿನಲ್ಲಿ ಮೂರು ಬಾರಿ ಇಂಜಿನ್ ನಿಂತು ಹಿಂದಿನವರೆಲ್ಲ ಹಾರ್ನ್ ಹೊಡೆದರು.

ಸೀಟಿನ ವಿಷಯದಲ್ಲಂತೂ ನಾವು ಪೂರ್ತಿ ಮೋಸಹೋದೆವು, ಅದೂ ನಮ್ಮ ಲೆಕ್ಕಕ್ಕೆ ನಾವೇ. ಕೈಗೆ ಸಿಕ್ಕಿದ ಕಾರಿನಲ್ಲಿ ಸೀಟು ಏಳು ನಿಜ, ಆದರೆ ಮೂರನೆಯ ಸಾಲನ್ನು ಎಬ್ಬಿಸಿದರೆ ಡಿಕ್ಕಿಯಲ್ಲಿ ಉಳಿಯುವುದು ಎರಡು ಕೈಚೀಲಗಳ ಜಾಗ. ನಮ್ಮ ಬಳಿ ದೊಡ್ಡ ಸೂಟ್‌ಕೇಸ್ ಐದು, ಚಿಕ್ಕವು ಮೂರು, ಅದರ ಮೇಲೆ ಅಮ್ಮನ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟಿನ ಬುಟ್ಟಿ. ಮೂರನೆಯ ಸಾಲಿನ ಒಂದು ಸೀಟನ್ನು ಮಡಚಿ ಸಾಮಾನು ಒಟ್ಟಿದ್ದಾಯಿತು. ಉಳಿದದ್ದನ್ನು ಎಲ್ಲರೂ ಕಾಲಡಿಯಲ್ಲಿಟ್ಟುಕೊಂಡು ಕುಳಿತರು. ಒಂಬತ್ತು ದಿನವೂ ಮಂಡಿನೋವಿನ ಅಮ್ಮ ಕಾಲು ಚಾಚಲಾಗದೆ ಪ್ರಯಾಣ ಮಾಡಿದರು. ಅವರು ಒಮ್ಮೆಯೂ ಗೊಣಗಲಿಲ್ಲ, ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಬೇಸರ ತಂದದ್ದು ಅದೇ. ಕಿಟಕಿಯಾಚೆಯಿಂದ ಸಾಮಾನು ಕಾಣುವ ಕಾರನ್ನು ನಿಲ್ಲಿಸಿ ಹೋಗಲು ಧೈರ್ಯ ಸಾಲದೆ ಊಟಕ್ಕೂ ಸರದಿಯಲ್ಲಿ ಹೋಗಬೇಕಾಯಿತು. ಆರು ಮಂದಿ ಸಾಮಾನಿನೊಡನೆ ಹೋಗುವುದಾದರೆ ಒಂಬತ್ತು ಸೀಟಿನ ವ್ಯಾನನ್ನೇ ಹಿಡಿಯಬೇಕು, ಇಲ್ಲವೇ ಒಬ್ಬರಿಗೆ ಒಂದೇ ಚಿಕ್ಕ ಚೀಲವೆಂದು ಮನೆಯಲ್ಲೇ ಗೆರೆ ಎಳೆಯಬೇಕು.

ಮಕ್ಕಳ ಸೀಟಿನ ನಿಯಮ ಅಲ್ಲಿ ಕಟ್ಟುನಿಟ್ಟಿನದು. ಒಂದೂವರೆ ಮೀಟರಿಗಿಂತ ಎತ್ತರ ಕಡಿಮೆಯಿರುವ ಮಕ್ಕಳೆಲ್ಲರಿಗೂ ಅವರ ಗಾತ್ರಕ್ಕೆ ತಕ್ಕ ಸೀಟು ಇರಲೇಬೇಕು, ಆದ್ದರಿಂದ ಹತ್ತು ವರ್ಷದ ಮಗಳಿಗೂ ಬೇಕಾಯಿತು. ಎರಡಕ್ಕೂ ಸೇರಿ 144 ಯೂರೋ. ಮೊದಲು ಎರಡೂ ದೊಡ್ಡ ಮಕ್ಕಳ ಸೀಟನ್ನೇ ತಂದಿಟ್ಟಿದ್ದರು, ಚಿಕ್ಕವನದನ್ನು ಬದಲಿಸಿಕೊಳ್ಳಲು ಮತ್ತೆ ಒಂದು ಗಂಟೆ ಕಾಯಬೇಕಾಯಿತು.

ಇಷ್ಟೆಲ್ಲ ತಡವಾದದ್ದರಿಂದ ಕಾರನ್ನು ಪರೀಕ್ಷಿಸಿ ತೆಗೆದುಕೊಳ್ಳುವ ಕೆಲಸದಲ್ಲಿ ಅವಸರ ಮಾಡಿದೆ. ಮಬ್ಬು ಬೆಳಕಿನ ಪಾರ್ಕಿಂಗಿನಲ್ಲಿ ಮೊಬೈಲಿನಿಂದ ಮುಂದೊಂದು ಹಿಂದೊಂದು ಎಡಕ್ಕೊಂದು ಫೋಟೊ ತೆಗೆದೆ. ಬಲಗಡೆ ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಆ ಕಡೆಗೆ ಹೋಗಲಿಲ್ಲ. ಹಿಂದಿರುಗಿಸುವ ದಿನ ನಮ್ಮ ವಿಮಾನ ಬೆಳಗಿನ ಜಾವಕ್ಕಿತ್ತು, ಕೌಂಟರ್ ಮುಚ್ಚಿದ್ದರಿಂದ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೊರಟೆವು. ಹತ್ತು ದಿನದ ಮೇಲೆ ಬಲಗಡೆಯ ಹಿಂದಿನ ಚಕ್ರದ ರಿಮ್ ಗೀಚಿದೆಯೆಂದು ಕಾರ್ಡಿನಿಂದ 240 ಯೂರೋ ಮುರಿದುಕೊಂಡರು. ದಿನಕ್ಕೆ 32 ಯೂರೋ ಕೊಟ್ಟ ವಿಮೆ ಇತ್ತಲ್ಲವೇ ಎಂದು ಬರೆದು ಕೇಳಿದರೆ, ಚಕ್ರ, ಟೈರು, ಗಾಜು ಮತ್ತು ಕಾರಿನ ಅಡಿಭಾಗ ಅದರಲ್ಲಿ ಸೇರುವುದಿಲ್ಲವೆಂದು ಕರಾರಿನ ಎರಡನೆಯ ಪುಟವನ್ನು ಕಳುಹಿಸಿದರು. ಆ ಗೀಚು ನಮ್ಮಿಂದ ಆದದ್ದೋ ಮೊದಲೇ ಇದ್ದದ್ದೋ ಇಂದಿಗೂ ಗೊತ್ತಿಲ್ಲ. ಮಧ್ಯವರ್ತಿಯ 70 ಯೂರೋ ವಿಮೆಗೆ ಅರ್ಜಿ ಹಾಕಿದೆ. ಸಂಸ್ಥೆಯ ಹಾನಿ ವರದಿಯಲ್ಲಿ ನನ್ನ ಸಹಿ ಇಲ್ಲವೆಂದು ಅವರೂ ಕೈ ಚೆಲ್ಲಿದರು. ಬೆಳಕಿಗೆ ತಂದು ನಾಲ್ಕು ಚಕ್ರ, ಗಾಜು, ಮೇಲ್ಛಾವಣಿ, ಡೀಸೆಲ್ ಮುಳ್ಳು ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ಹಿಡಿಯದೆ ಕಾರನ್ನು ಹೊರಡಿಸಬೇಡಿ. ಬಿಡುವಾಗ ಸಿಬ್ಬಂದಿ ಇರುವ ಹೊತ್ತಿಗೇ ಬಿಟ್ಟು ಸಹಿ ಮಾಡಿದ ಕಾಗದ ಪಡೆಯಿರಿ.

ಇನ್ನು ಫ್ಲಾರೆನ್ಸ್. ಇಟಲಿಯ ಹಳೆಯ ಊರುಗಳ ನಡುಭಾಗದಲ್ಲಿ ಜೆಡ್‌ಟಿಎಲ್ ಎಂದು ಕರೆಯುವ ಸೀಮಿತ ಸಂಚಾರ ವಲಯಗಳಿವೆ. ನಿವಾಸಿಗಳ ಮತ್ತು ಅನುಮತಿ ಪಡೆದವರ ವಾಹನಗಳಿಗೆ ಮಾತ್ರ ಪ್ರವೇಶ, ಬಾಗಿಲಿನಲ್ಲಿ ತಡೆಗೋಲಾಗಲಿ ಪೊಲೀಸರಾಗಲಿ ಇರಬೇಕೆಂದಿಲ್ಲ, ಕ್ಯಾಮೆರಾ ನಂಬರು ಹಿಡಿದುಕೊಳ್ಳುತ್ತದೆ. ಗುರುತು ಇಷ್ಟೇ: ಕೆಂಪು ಅಂಚಿನ ಬಿಳಿ ವೃತ್ತ ಮತ್ತು ಇಟಾಲಿಯನ್ ಬರಹ. ವಿದ್ಯುತ್ ಫಲಕದಲ್ಲಿ ‘ವಾರ್ಕೊ ಅತ್ತಿವೊ’ ಎಂದು ಹೊಳೆಯುತ್ತಿತ್ತು. ಅತ್ತಿವೊ ಎಂದರೆ ದಾರಿ ತೆರೆದಿದೆ ಎಂದಿರಬೇಕೆಂದು ನಾನು ಊಹಿಸಿದೆ. ಅದರ ಅರ್ಥ, ಕ್ಯಾಮೆರಾ ಕಾವಲು ಈಗ ಜಾರಿಯಲ್ಲಿದೆ, ಒಳಗೆ ಬರಬೇಡ ಎಂದು. ಸಾಂತಾ ಮರಿಯಾ ನೊವೆಲ್ಲಾದ ಹತ್ತಿರದ ಹೋಟೆಲಿಗೆ ಫೋನಿನ ನಕ್ಷೆ ತೋರಿಸಿದಂತೆ ನುಗ್ಗಿದೆ, ತಿರುವು ತಪ್ಪಿ ಹೊರಬಿದ್ದೆ, ಇನ್ನೊಂದು ಕಡೆಯಿಂದ ಮತ್ತೆ ಒಳಹೊಕ್ಕೆ. ಅಪ್ಪ ಅಮ್ಮನನ್ನು ಇಳಿಸಿ ಹೊರಟವನು, ಬಿಟ್ಟುಬಂದ ಔಷಧದ ಚೀಲಕ್ಕಾಗಿ ಮೂರನೆಯ ಸಲವೂ ಬಂದೆ. ನಮಗೆ ಪ್ರತಿ ಪ್ರವೇಶಕ್ಕೂ ಬೇರೆ ದಂಡ ಬಿತ್ತು. ವಲಯದೊಳಗಿನ ಹೋಟೆಲಿನವರು ಅತಿಥಿಯ ಕಾರಿನ ನಂಬರನ್ನು ನೋಂದಾಯಿಸಿ ಅನುಮತಿ ಪಡೆಯಲು ಅವಕಾಶವಿದೆ, ಆದರೆ ನಾವಾಗಿಯೇ ಕೇಳಬೇಕು. ಅದಕ್ಕಿಂತ ಸುಲಭದ ದಾರಿಯೂ ಇತ್ತು. ಎ1 ಹೆದ್ದಾರಿಗೇ ಅಂಟಿಕೊಂಡಿರುವ ವಿಲ್ಲಾ ಕೊಸ್ತಾಂಝಾ ಪಾರ್ಕಿಂಗಿನಲ್ಲಿ ಕಾರು ಬಿಟ್ಟರೆ ಅಲ್ಲಿಂದ ಟ್ರಾಮ್ ನೇರವಾಗಿ ಊರ ನಡುವಿಗೆ ಬರುತ್ತದೆ. ರೋಮ್‌ನಿಂದ ಫ್ಲಾರೆನ್ಸಿಗೆ ವೇಗದ ರೈಲು ಸುಮಾರು ಒಂದೂವರೆ ಗಂಟೆಯ ದಾರಿ. ‘ಅಲ್ಲಿವರೆಗೆ ರೈಲಲ್ಲಿ ಬಂದು, ಹಳ್ಳಿ ಕಡೆ ಸುತ್ತೋಕೆ ಮಾತ್ರ ಕಾರು ಹಿಡೀಬೋದಿತ್ತಲ್ಲೋ’ ಎಂದು ಅಪ್ಪ ಪೀಸಾದಲ್ಲಿ ಹೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಊರಿಗೆ ಬಂದು ಎರಡು ತಿಂಗಳಾದ ಮೇಲೆ ಕಾರ್ಡಿನಲ್ಲಿ 45 ಯೂರೋದಂತೆ ಮೂರು ಬಾರಿ ಹಣ ಕಡಿತವಾಯಿತು. ದಂಡ ಮುಗಿಯಿತೆಂದು ನಿಟ್ಟುಸಿರು ಬಿಟ್ಟೆ. ಅದು ದಂಡವಾಗಿರಲಿಲ್ಲ, ನನ್ನ ಹೆಸರು ವಿಳಾಸವನ್ನು ಪೊಲೀಸರಿಗೆ ತಿಳಿಸಿದ್ದಕ್ಕೆ ಬಾಡಿಗೆ ಸಂಸ್ಥೆ ಹಾಕಿದ ಶುಲ್ಕ. ನಿಜವಾದ ದಂಡದ ನೋಟಿಸು ವಿದೇಶದ ನಿವಾಸಿಗೆ 360 ದಿನಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಕನಿಷ್ಠ ದಂಡ 83 ಯೂರೋ, ನೋಟಿಸು ತಲುಪಿದ ಐದು ದಿನಗಳಲ್ಲಿ ಕಟ್ಟಿದರೆ ನೂರಕ್ಕೆ ಮೂವತ್ತರಷ್ಟು ರಿಯಾಯಿತಿ, ಅಂಚೆ ವೆಚ್ಚ ಬೇರೆ. ಮೊದಲ ಎರಡನ್ನು ಬಂದ ದಿನವೇ ಆನ್‌ಲೈನ್‌ನಲ್ಲಿ ಕಟ್ಟಿ ರಿಯಾಯಿತಿ ಉಳಿಸಿಕೊಂಡೆ. ಮೂರನೆಯದು ಈ ಫೆಬ್ರುವರಿಯಲ್ಲಿ ಬಂದಾಗ ನಾನು ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದೆ. ಸಹಿ ಹಾಕಿ ಪಡೆದ ಅಪ್ಪ, ಇಟಲಿಯಿಂದ ಬಂದ ಕಾಗದವೆಂದು ಅದನ್ನು ಜೋಪಾನವಾಗಿ ಪ್ರವಾಸದ ಫೋಟೊ ಆಲ್ಬಮ್ಮಿನೊಳಗೆ ಇಟ್ಟಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಹನ್ನೊಂದನೆಯ ದಿನ, 83 ಯೂರೋವನ್ನು ಪೂರ್ತಿಯಾಗಿಯೇ ಕಟ್ಟಿದೆ.