ಗಾಸ್ಪೆಲ್ ಮೇಳಗಳನ್ನು ಹಿಮ್ಮೇಳದ ಕಿವಿಯಿಂದ ಕೇಳಿದಾಗ

ಹಾಡುವ ಮೇಳವನ್ನು ನಾನು ಅಳೆಯುವುದು ಹಿಮ್ಮೇಳದಿಂದ. ಮುಂದೆ ನಿಂತವನ ಗಂಟಲು ಎಷ್ಟೇ ಚೆಂದ ಇರಲಿ, ಹಿಂದಿನವರು ಪಲ್ಲವಿ ಎತ್ತಿಕೊಳ್ಳುವಾಗ ಕೂದಲೆಳೆಯಷ್ಟು ತಡ ಮಾಡಿದರೂ ಪದ ಬಿತ್ತು ಅಂತಲೇ ಲೆಕ್ಕ. ಜಮಖಂಡಿ ಕಡೆ ಗೀಗೀ ಪದ, ಮೊಹರಂನಲ್ಲಿ ರಿವಾಯತ್ ಪದ, ಶ್ರಾವಣದಲ್ಲಿ ರಾತ್ರಿಯಿಡೀ ಭಜನೆ ಹಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಸ್ಪೆಲ್ ಅಂದರೆ ಕ್ರೈಸ್ತ ಭಕ್ತಿಯ ಹಾಡು. ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಮೇಳಗಳನ್ನೂ ನಾನು ಹೀಗೇ ಕೇಳಿದ್ದೇನೆ. ಹಳೆಯ ಧ್ವನಿಮುದ್ರಣಗಳನ್ನು ಮೊಬೈಲಿನಲ್ಲಿ ಹಚ್ಚಿ, ಜೊತೆಗೆ ದಪ್ಪು ಬಾರಿಸಿ, ತಾಳ ಹಾಕಿ, ಅವರ ಹಿಮ್ಮೇಳಕ್ಕೆ ನಮ್ಮ ಹುಡುಗರ ದನಿ ಕೂಡಿಸಿ ನೋಡಿದ್ದೇನೆ.

ದಪ್ಪು ಸಲೀಸಾಗಿ ಕೂತಿದ್ದು ಗೋಲ್ಡನ್ ಗೇಟ್ ಕ್ವಾರ್ಟೆಟ್ ಜೊತೆ. 1934ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಶಾಲಾ ಹುಡುಗರು ಕಟ್ಟಿದ ಮೇಳ ಇದು. ಮೊದಲ ಕಾಲದ ಹಾಡುಗಳಲ್ಲಿ ವಾದ್ಯದ ಹಂಗೇ ಇಲ್ಲ, ತಗ್ಗಿನ ದನಿಯವನೇ ಡೋಲಿನ ಕೆಲಸ ಮಾಡುತ್ತಾನೆ. ರೈಲಿನ ಸದ್ದನ್ನೂ ಬಾಯಲ್ಲೇ ತೆಗೆಯುತ್ತಾರೆ. ವಿಲ್ಲಿ ಜಾನ್ಸನ್ ಎಂಬವನು ಬೈಬಲಿನ ನೋಹ, ಯೋನರ ಕಥೆಯನ್ನು ಅರ್ಧ ಮಾತು ಅರ್ಧ ಹಾಡಿನಲ್ಲಿ ಹೇಳುತ್ತಾ ಹೋದಂತೆ ಉಳಿದ ಮೂವರು ಕೆಳಗಿನಿಂದ ತಳ್ಳುತ್ತಾ ಇರುತ್ತಾರೆ. ನಮ್ಮ ಕಡೆ ಹಸನ್ ಹುಸೇನರ ಕಥೆಯನ್ನು ಪದದಲ್ಲಿ ಹೇಳುವವರು ಕೇಳಿದರೆ ಇದು ತಟ್ಟನೆ ಹಿಡಿಸುತ್ತದೆ. ಆದರೆ ನನಗೊಂದು ತಕರಾರಿದೆ. ಎಲ್ಲವೂ ತುಂಬಾ ನುಣುಪು. ಒಬ್ಬನಾದರೂ ಮೈಮರೆತು ದನಿ ಒಡೆದುಕೊಳ್ಳುವುದಿಲ್ಲ. ನಾಲ್ಕೈದು ಹಾಡು ಆದಮೇಲೆ ನನ್ನ ಕಿವಿ ಬೇರೆಯದನ್ನು ಹುಡುಕತೊಡಗುತ್ತದೆ.

ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಇದಕ್ಕೆ ಪೂರ್ತಿ ಉಲ್ಟಾ. 1939ರಲ್ಲಿ ಅಲಬಾಮಾದ ಟ್ಯಾಲಡೀಗಾದ ಅಂಧರ ಶಾಲೆಯಲ್ಲಿ ಹುಟ್ಟಿದ ಮೇಳ. ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಬಂದ ಕಣ್ಣಿಲ್ಲದ ಗಾಯಕರನ್ನು ಕೇಳಿ ಬೆಳೆದ ನಮಗೆ ಈ ಮೇಳದ ಮೇಲೆ ಮೊದಲೇ ಪ್ರೀತಿ ಇರುತ್ತದೆ, ನಿಜ. ಕ್ಲಾರೆನ್ಸ್ ಫೌಂಟನ್ ಗರ್ಜಿಸಿದರೆ ಮೈ ಜುಮ್ ಅನ್ನುತ್ತದೆ. ಆದರೂ ಅಷ್ಟು ಹೊತ್ತು ಅದೇ ಎತ್ತರದಲ್ಲಿ ಕೂಗಿದರೆ ಪದದ ಏರಿಳಿತ ಎಲ್ಲಿ ಉಳೀತು? ಸ್ವಾನ್ ಸಿಲ್ವರ್‌ಟೋನ್ಸ್ ಎಂಬ ಇನ್ನೊಂದು ಮೇಳದ ಕ್ಲಾಡ್ ಜೀಟರ್ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಅವನ ಮೇಲಿನ ದನಿ ಕೇಳಿದ ಮೇಲೆ, ಸಹಜ ದನಿ ಬಿಟ್ಟು ತೆಳುವಾಗಿ ಎತ್ತುವ ಕಳ್ಳದನಿಯಲ್ಲಿ ಹಾಡಬೇಡ ಅಂತ ಹುಡುಗರನ್ನು ಗದರುವುದನ್ನು ನಾನು ಬಿಟ್ಟಿದ್ದೇನೆ.

ಏಕತಾರಿಗೆ ಹೊಂದುವ ಮೇಳ ಬೇಕೆಂದರೆ ಸ್ಟೇಪಲ್ ಸಿಂಗರ್ಸ್. ಷಿಕಾಗೋದ ಒಂದೇ ಮನೆಯ ಜನ. ಅಪ್ಪ ಪಾಪ್ಸ್ ಸ್ಟೇಪಲ್ಸ್ ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆಯಿಂದ ಬಂದವರು, ಅವರ ಗಿಟಾರಿನ ನಾದ ನೀರಿನ ಮೇಲಿನ ಬೆಳಕಿನ ಹಾಗೆ ನಡುಗುತ್ತದೆ. ಮಗಳು ಮೇವಿಸ್ ಹುಡುಗಿಯಾಗಿದ್ದಾಗಲೇ ಎಷ್ಟು ತಗ್ಗಿನ ದನಿಯಲ್ಲಿ ಹಾಡುತ್ತಿದ್ದಳೆಂದರೆ ರೇಡಿಯೋದಲ್ಲಿ ಕೇಳಿದವರು ಯಾರೋ ಗಂಡಸು ಅಂದುಕೊಳ್ಳುತ್ತಿದ್ದರು. ಹಿಮ್ಮೇಳ ತೆಳು, ಆದರೆ ಎಲ್ಲೂ ಅವಸರವಿಲ್ಲ. ಏಕತಾರಿಯ ಒಂದೇ ಷಡ್ಜ ಮೀಟುತ್ತಾ ಇವರ ಜೊತೆ ಹಾಡಿದಾಗ ನಮ್ಮ ಮೇಳದ ಹಿರಿಯರು ಯಾರೂ ಹೇಳದೆಯೇ ತಾಳ ಎತ್ತಿಕೊಂಡರು. 1950ರ ದಶಕದ ಹಾಡುಗಳಿಗಷ್ಟೇ ಈ ಮಾತು. ಮುಂದೆ ಬ್ಯಾಂಡು ಕೂಡಿಕೊಂಡ ಮೇಲಿನವು ಕುಣಿಯಲು ಚೆಂದ, ಜಾಗರಣೆಗೆ ನನಗೆ ಬೇಡ.

ಇನ್ನು ಟೆಕ್ಸಾಸ್‌ನಿಂದ ಬಂದ ಸೋಲ್ ಸ್ಟಿರರ್ಸ್. ನನ್ನ ಮಟ್ಟಿಗೆ ಇವರದೇ ಮೊದಲ ಜಾಗ. ಇವರು ನಾಲ್ವರ ಮೇಳಕ್ಕೆ ಐದನೆಯವನನ್ನು ಸೇರಿಸಿಕೊಂಡು ಮುಮ್ಮೇಳಕ್ಕೆ ಇಬ್ಬರನ್ನು ನಿಲ್ಲಿಸಿದರು. ಒಬ್ಬ ಹಾಡಿ ಇನ್ನೊಬ್ಬನಿಗೆ ದಾಟಿಸುತ್ತಾನೆ, ಕೆಳಗೆ ನಾಲ್ಕು ದನಿಯ ಹಾಸು ಮಾತ್ರ ತುಂಡಾಗುವುದೇ ಇಲ್ಲ. ನಮ್ಮ ಹರದೇಶಿ ನಾಗೇಶಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳ ಜಿದ್ದಿಗೆ ಬಿದ್ದು ಒಬ್ಬರನ್ನೊಬ್ಬರು ಮೇಲಕ್ಕೆ ಎಬ್ಬಿಸುತ್ತವೆ. ಇವರಲ್ಲಿ ಆ ಕಾವು ಒಂದೇ ಮೇಳದೊಳಗೆ ಹುಟ್ಟುತ್ತದೆ.

ಒಬ್ಬೊಬ್ಬರು ಬೇರೆ ಬೇರೆ ಸ್ವರ ಹಿಡಿಯುವ ಈ ಹಾಸನ್ನು ನಮ್ಮಲ್ಲಿ ಮಾಡಿ ನೋಡಿದೆವು. ನಾವೆಲ್ಲ ಒಂದೇ ಧಾಟಿಯನ್ನು ಒಟ್ಟಿಗೆ ಹಾಡುವವರು, ಹಾಗಾಗಿ ಒಬ್ಬನಿಗೆ ಷಡ್ಜ, ಒಬ್ಬನಿಗೆ ಗಾಂಧಾರ, ಇನ್ನೊಬ್ಬನಿಗೆ ಪಂಚಮ ಹಂಚಿ ಹಾರ್ಮೋನಿಯಂ ಒತ್ತಿ ಹಿಡಿದರೂ ಎರಡನೇ ನುಡಿ ಬರುವಷ್ಟರಲ್ಲಿ ಮೂವರೂ ಮುಮ್ಮೇಳದವನ ಧಾಟಿಗೇ ಜಾರಿ ಬರುತ್ತಿದ್ದರು. ಪಂಚಮದವನನ್ನು ದೂರ ಕೂರಿಸಿದ ಮೇಲೆ ಸ್ವಲ್ಪ ನಿಂತಿತು. ಹಾಗೆ ನಿಂತ ಆ ಗಳಿಗೆಯಲ್ಲಿ ಮುಂದೆ ಹಾಡುವವನಿಗೆ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ಹಾಡಿದವರಿಗೇ ಗೊತ್ತು.

ಸೋಲ್ ಸ್ಟಿರರ್ಸ್ ಅಂದರೆ ಜನ ಸ್ಯಾಮ್ ಕುಕ್ ಅನ್ನುತ್ತಾರೆ. 1950ರ ಕೊನೆಗೆ ಮುಮ್ಮೇಳದ ಆರ್. ಎಚ್. ಹ್ಯಾರಿಸ್ ಬಿಟ್ಟ ಜಾಗಕ್ಕೆ ಬಂದ ಹುಡುಗ, 1957ರಲ್ಲಿ ಸಿನಿಮಾ ಹಾಡಿನಂಥ ಜನಪ್ರಿಯ ಸಂಗೀತದ ಕಡೆ ಹೋದ. ದನಿ ಜೇನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಹಾಡುವಾಗ ನನ್ನ ಕಿವಿ ಅವನೊಬ್ಬನ ಹಿಂದೆಯೇ ಹೋಗುತ್ತದೆ. ಹ್ಯಾರಿಸ್ ಹಾಗಲ್ಲ. ಮಾತನ್ನು ತಾಳದಿಂದ ಬೇಕಂತಲೇ ಸ್ವಲ್ಪ ಹಿಂದೆ ಇಡುತ್ತಾನೆ. ಹಿಂದಿನವರು ಗಟ್ಟಿಯಾಗಿ ನಿಂತಿದ್ದಾರೆ ಅಂತ ನಂಬಿದವನಿಗೆ ಮಾತ್ರ ಹಾಗೆ ಹಾಡಲು ಸಾಧ್ಯ, ಅಲ್ವಾ? 1940ರ ದಶಕದ ಆ ಧ್ವನಿಮುದ್ರಣಗಳಲ್ಲಿ ಗರಗರ ಸದ್ದು ಜಾಸ್ತಿ, ಫೋನಿನ ಸ್ಪೀಕರಿನಲ್ಲಿ ಕೇಳಿದರೆ ತಗ್ಗಿನ ದನಿ ಪೂರ್ತಿ ಮಾಯ. ಹೆಡ್‌ಫೋನ್ ಹಾಕಿಕೊಂಡು, ಮೊದಲ ಸಲ ಹ್ಯಾರಿಸ್‌ನನ್ನು ಬಿಟ್ಟು ಹಿಂದಿನವರನ್ನಷ್ಟೇ ಕೇಳಿ.